ಇಂಗ್ಲಿಷ್ ಪರೀಕ್ಷೆ: ಪ್ರಬಂಧ ಎಷ್ಟು ಉದ್ದ ಬರೆದರೆ ಸಾಕು?

ಭಟ್ಕಳ/ಹೊನ್ನಾವರ/ಕುಮಟಾ: ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಝೆರಾಕ್ಸ್ ಅಂಗಡಿಗಳಲ್ಲಿ ಇಂಗ್ಲಿಷ್ ಪ್ರಬಂಧದ ನೋಟ್ಸಿಗೆ ಬೇಡಿಕೆ ಜೋರು. ಎರಡು ಪುಟ, ಮೂರು ಪುಟದ ಪ್ರಬಂಧಗಳನ್ನು ಮಕ್ಕಳು ಬಾಯಿಪಾಠ ಮಾಡ್ತಾರೆ. ಅಷ್ಟು ಉದ್ದ ಬೇಕಾ? ಹೆಚ್ಚಿನವರಿಗೆ ಬೇಡ.

ಮೊದಲು ನೋಡಬೇಕಾದ್ದು ಮಗು ಯಾವ ಪತ್ರಿಕೆ ಬರೆಯುತ್ತದೆ ಎಂಬುದು. ರಾಜ್ಯ ಪಠ್ಯಕ್ರಮದ ಕನ್ನಡ, ಉರ್ದು ಮಾಧ್ಯಮದವರಿಗೆ ಸಾಮಾನ್ಯವಾಗಿ ಇಂಗ್ಲಿಷ್ ದ್ವಿತೀಯ ಭಾಷೆ. ಲಿಖಿತ 80 ಅಂಕ, ಆಂತರಿಕ 20. ಇಂಗ್ಲಿಷನ್ನೇ ಪ್ರಥಮ ಭಾಷೆಯಾಗಿ ತಗೊಂಡವರಿಗೆ ಲಿಖಿತ 100, ಆಂತರಿಕ 25. ಎರಡೂ ಬೇರೆ ಬೇರೆ ಪತ್ರಿಕೆ. ಹಾಗಾಗಿ ಅಕ್ಕನ ಹಳೇ ನೋಟ್ಸ್ ತಮ್ಮನಿಗೂ ಆಗ್ತದೆ ಅಂತ ಹೇಳ್ಲಿಕ್ಕೆ ಬರೂದಿಲ್ಲ.

ಉದ್ದವನ್ನು ತೀರ್ಮಾನಿಸುವುದು ಅಂಕ. ದ್ವಿತೀಯ ಭಾಷೆಯ ಪತ್ರಿಕೆಯಲ್ಲಿ ಓದುವ 15 ನಿಮಿಷ ಬಿಟ್ಟರೆ ಒಂದು ಅಂಕಕ್ಕೆ ಸುಮಾರು ಎರಡು ನಿಮಿಷ ಸಿಗುತ್ತದೆ. 4 ಅಂಕದ ಪ್ರಬಂಧಕ್ಕೆ ಎಂಟು, ಜಾಸ್ತಿ ಅಂದರೆ ಹತ್ತು ನಿಮಿಷ. ನಿಮಿಷಕ್ಕೆ ಹತ್ತು-ಹನ್ನೆರಡು ಪದ ಬರೆಯುವ ಮಗು ಅಷ್ಟರಲ್ಲಿ ನೂರರಿಂದ ನೂರಿಪ್ಪತ್ತು ಪದ ಬರೆದೀತು. ಅಂದರೆ ಹದಿನೈದು ಸಾಲಿನೊಳಗೆ. ಪೀಠಿಕೆ ಎರಡು ವಾಕ್ಯ, ವಿಷಯ ಏಳೆಂಟು ವಾಕ್ಯ, ಮುಕ್ತಾಯ ಒಂದೆರಡು ವಾಕ್ಯ ಇದ್ದರೆ ಆಯ್ತು. ಪ್ರಶ್ನೆಯಲ್ಲೇ ಇಷ್ಟು ಪದ, ಇಷ್ಟು ವಾಕ್ಯ ಅಂತ ಕೊಟ್ಟಿದ್ದರೆ ಆ ಮಾತೇ ಅಂತಿಮ.

ನಷ್ಟ ಆಗುವುದು ಇಲ್ಲೇ. ಬಾಯಿಪಾಠದ ಪ್ರಬಂಧವನ್ನು ಅರ್ಧ ಗಂಟೆ ಬರೆದ ಮಗು ಕೊನೆಗೆ ಪತ್ರಲೇಖನಕ್ಕೆ ಕೈ ಹಾಕುವಾಗ ಗಂಟೆ ಹೊಡೆದಿರ್ತದೆ. ಮೂರು ಪುಟ ಬರೆದರೂ 4 ಅಂಕ 5 ಆಗೂದಿಲ್ಲ, ಪತ್ರದ ಅಂಕ ಮಾತ್ರ ಪೂರ್ತಿ ಹೋಯ್ತು. ಪಾಸಿನ ಅಂಚಿನಲ್ಲಿರುವ ಮಗುವಿಗೆ ಅದೇ ನಿರ್ಣಾಯಕ. ಉದ್ದ ಬರೆದಷ್ಟೂ ಕಾಗುಣಿತ, ವ್ಯಾಕರಣದ ತಪ್ಪೂ ಹೆಚ್ಚು.

ಬೇರೆ ಬೋರ್ಡಿನ ಲೆಕ್ಕ ಬೇರೆ. ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ ಪತ್ರ ಮತ್ತು ವಿಶ್ಲೇಷಣಾತ್ಮಕ ಪ್ಯಾರಾಗ್ರಾಫ್‌ಗೆ ತಲಾ 5 ಅಂಕ, ಸುಮಾರು 100ರಿಂದ 120 ಪದ. ಐಸಿಎಸ್‌ಇಯಲ್ಲಿ ಮಾತ್ರ ಪ್ರಬಂಧ ನಿಜಕ್ಕೂ ದೊಡ್ಡದು: 300ರಿಂದ 350 ಪದ, 20 ಅಂಕ.

ವಿದೇಶದಲ್ಲಿ ಓದಲು, ಕೆಲಸಕ್ಕೆ ಹೊರಟವರು ಬರೆಯುವ ಐಇಎಲ್‌ಟಿಎಸ್‌ನಲ್ಲಿ ನಿಯಮ ಉಲ್ಟಾ. ಅಲ್ಲಿ ಹೇಳುವುದು ಕನಿಷ್ಠ ಮಿತಿ: ಮೊದಲ ಬರಹಕ್ಕೆ 150 ಪದ, ಎರಡನೆಯದಾದ ಪ್ರಬಂಧಕ್ಕೆ 250. ಒಟ್ಟು 60 ನಿಮಿಷದಲ್ಲಿ ಪ್ರಬಂಧಕ್ಕೆ 40 ಇಟ್ಟುಕೊಳ್ಳಬೇಕು, ಯಾಕಂದ್ರೆ ಅದರ ತೂಕ ಮೊದಲನೆಯದರ ಎರಡರಷ್ಟು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ 100 ಅಂಕದ ಪ್ರಬಂಧಕ್ಕೆ ಸುಮಾರು 600 ಪದ.

ಪರೀಕ್ಷೆಯಲ್ಲಿ ಪದ ಎಣಿಸುತ್ತಾ ಕೂರುವುದು ದಂಡ. ಮನೆಯಲ್ಲೇ ಒಂದು ಪುಟ ಬರೆಸಿ, ನಾಲ್ಕೈದು ಸಾಲಿನ ಪದ ಎಣಿಸಿದರೆ ಸಾಲಿಗೆ ಸರಾಸರಿ ಎಷ್ಟು ಅಂತ ಗೊತ್ತಾಗ್ತದೆ. ಕೆಲವರದು ಸಾಲಿಗೆ ಹತ್ತು, ದೊಡ್ಡ ಅಕ್ಷರದವರದು ಆರೇಳು. ಮುಂದೆ ಸಾಲು ನೋಡಿದರೆ ಸಾಕು. ಬರೆಸುವಾಗ ಪಕ್ಕದಲ್ಲಿ ಗಡಿಯಾರ ಇರಲಿ.