ಧಣಿಗಳಿಗೆ ಗೊತ್ತಿದ್ದ ಬಿಸಿ

1988ರ ಜೂನ್ 23. ಅಮೆರಿಕದ ಸೆನೆಟ್ ಸಮಿತಿ ಎದುರು ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಹೇಳಿಬಿಟ್ಟ: ಭೂಮಿ ಬಿಸಿಯೇರ್ತಾ ಇದೆ, ಇದು ತಾನಾಗೇ ಆಗ್ತಿರೋದಲ್ಲ, ಶೇ. 99ರಷ್ಟು ಖಚಿತ. ಮರುದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ಹಾಕ್ತು.

ಎಕ್ಸಾನ್ ಧಣಿಗಳಿಗೆ ಇದೇನು ಹೊಸ ಸುದ್ದಿಯಲ್ಲ. 1977ರಲ್ಲೇ ಅವರದೇ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರೆದುರು ನಿಂತು ಎಚ್ಚರಿಸಿದ್ದ. ಆದರೂ 1989ರಲ್ಲಿ ಎಣ್ಣೆ, ಕಲ್ಲಿದ್ದಲು, ಕಾರಿನ ಕಂಪನಿಗಳು ಕೂಟ ಕಟ್ಟಿಕೊಂಡು ಜನರ ತಲೆಯಲ್ಲಿ ಅನುಮಾನ ಬಿತ್ತಿದವು. ‘ಇನ್ನೂ ಖಚಿತವಿಲ್ಲ’ ಅಂದ್ರೆ ಸಾಕಿತ್ತು.

1997ರ ಜುಲೈ 25ರಂದು ಸೆನೆಟ್ 95–0 ಮತಗಳಿಂದ ನಿರ್ಣಯ ಮಾಡಿತು: ಭಾರತದಂಥ ದೇಶಗಳಿಗೂ ಅದೇ ಅವಧಿಯಲ್ಲಿ ಕಟ್ಟುಪಾಡು ಹಾಕದ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಬಾರದು. ಪಂಕ್ತಿಯಲ್ಲಿ ಕೂತು ಉಂಡವರು ಎಂಜಲೆಲೆ ಎತ್ತೋರ ಹತ್ರ ಊಟದ ಲೆಕ್ಕ ಕೇಳಿದಂಗಾಯ್ತು! ಅದೇ ಡಿಸೆಂಬರಿನ ಕ್ಯೋಟೋ ಒಪ್ಪಂದವನ್ನು ಅಮೆರಿಕ ಅನುಮೋದಿಸಲೇ ಇಲ್ಲ.