ದೈರ್ ಅಲ್ ಕಮರ್‌ನ ಚೌಕ: ಕಟ್ಟಡಗಳ ಕಾಲನಿರ್ಣಯ ಮತ್ತು ಮರುಬಳಕೆ

ಬೈರೂತ್‌ನಿಂದ ಆಗ್ನೇಯಕ್ಕೆ, ಲೆಬನಾನ್ ಪರ್ವತದ ಶೂಫ್ ಸೀಮೆಯ ಇಳಿಜಾರಿನಲ್ಲಿರುವ ದೈರ್ ಅಲ್ ಕಮರ್, ಎರಡನೆಯ ಫಖ್ರುದ್ದೀನನ (1572–1635) ರಾಜಧಾನಿಯೆಂದೇ ಪ್ರಸಿದ್ಧ. ಮಾನ್ ಮನೆತನದ ಈ ಅಮೀರ ತನ್ನ ಮೊದಲಿನ ನೆಲೆಯಾದ ಬಾಕ್ಲೀನ್‌ನಲ್ಲಿ ನೀರು ಸಾಲದೆ ಇಲ್ಲಿಗೆ ಬಂದು ನೆಲೆಸಿದನೆಂಬುದು ರೂಢಿಯ ವಿವರಣೆ. ಊರಿನ ನಡುಚೌಕದಲ್ಲಿರುವ ಮಸೀದಿಗೂ ಅವನದೇ ಹೆಸರು. ಆದರೆ ಚೌಕದ ಕಟ್ಟಡಗಳನ್ನೆಲ್ಲ ಒಬ್ಬನೇ ಅಮೀರನ ಲೆಕ್ಕಕ್ಕೆ ಬರೆದರೆ ಊರಿನ ಚರಿತ್ರೆಯ ಎರಡು ತುದಿಗಳೂ ಕಳೆದುಹೋಗುತ್ತವೆ ಎಂಬುದು ಈ ಲೇಖನದ ವಾದ.

ಮಸೀದಿಯ ಶಾಸನವೇ ಇದಕ್ಕೆ ಮೊದಲ ಸಾಕ್ಷಿ. ಅದರ ಕಾಲ 1493. ಎರಡನೆಯ ಫಖ್ರುದ್ದೀನ್ ಹುಟ್ಟಿದ್ದು ಅದಾದ ಎಪ್ಪತ್ತೊಂಬತ್ತು ವರ್ಷಗಳ ಮೇಲೆ. ಶಾಸನದಲ್ಲಿರುವ ಹೆಸರು ಅದೇ ಮನೆತನದ ಫಖ್ರುದ್ದೀನ್ ಉಸ್ಮಾನನದು. ಇತಿಹಾಸಕಾರ ಕಮಾಲ್ ಸಲೀಬಿ ಮಾನ್ ಮನೆತನದ ವಂಶಾವಳಿಯನ್ನು ಮರುಪರಿಶೀಲಿಸಿದಾಗ ಈ ಶಾಸನ ಮುಖ್ಯ ಆಧಾರವಾಯಿತು. ಒಟ್ಟೋಮನ್ನರು ಸಿರಿಯಾವನ್ನು ಗೆದ್ದದ್ದು 1516ರಲ್ಲಿ. ಹಾಗಾಗಿ ಅಷ್ಟಕೋನ ಮಿನಾರಿನ ಈ ಮಸೀದಿ ಮಮ್ಲೂಕರ ಕಾಲದ್ದು. ಮಾನ್ ಮನೆತನಕ್ಕೆ ಈ ಊರಿನ ನಂಟು ಬೆಳೆದದ್ದು ರಾಜಧಾನಿ ಬದಲಾಗುವುದಕ್ಕೆ ಬಹಳ ಮೊದಲೇ. ಲೋಕಪ್ರಸಿದ್ಧ ವಂಶಜನ ಹೆಸರು ಹಿರಿಯರ ಕಟ್ಟಡವನ್ನೂ ನುಂಗಿಕೊಂಡಿದೆ.

ಮಸೀದಿಯಿಂದ ಕೆಲವೇ ಹೆಜ್ಜೆಗಳಲ್ಲಿ ಎರಡನೆಯ ಫಖ್ರುದ್ದೀನನ ಸರಾಯಿ ಅಂದರೆ ಅರಮನೆ, ರೇಷ್ಮೆಯ ಖಾನ್ ಎಂಬ ವರ್ತಕರ ಛತ್ರ ಮತ್ತು ಕೈಸರಿಯ್ಯ ಎಂಬ ಮುಚ್ಚುಮಾರುಕಟ್ಟೆ ಇವೆ. ಅಧಿಕಾರವೂ ರೇಷ್ಮೆಯೂ ಹೀಗೆ ಒಂದೇ ಚೌಕಕ್ಕೆ ಬಾಗಿಲು ತೆರೆದುಕೊಂಡಿರುವುದು ಆಕಸ್ಮಿಕವಲ್ಲ. ಕಡಿದಾದ ಬೆಟ್ಟದಲ್ಲಿ ಮೆಟ್ಟಿಲುಗದ್ದೆಗಳನ್ನು ಕಟ್ಟಿ ಹಿಪ್ಪುನೇರಳೆ ಬೆಳೆದು, ಗೂಡು ಮಾರಿ ಬದುಕುತ್ತಿದ್ದ ಸೀಮೆಯಿದು. ಅಮೀರರ ಬೊಕ್ಕಸಕ್ಕೂ ರೈತರ ಕಂದಾಯಕ್ಕೂ ರೇಷ್ಮೆಯೇ ಆಸರೆ. 1788ರಲ್ಲಿ ಅಧಿಕಾರಕ್ಕೆ ಬಂದ ಶಿಹಾಬ್ ಮನೆತನದ ಅಮೀರ ಎರಡನೆಯ ಬಶೀರ್, ಕಣಿವೆಯ ಆಚೆ ಬದಿಯ ಬೈತುದ್ದೀನ್‌ನಲ್ಲಿ ಅರಮನೆ ಕಟ್ಟಿಸಿ ಆಡಳಿತವನ್ನು ಅಲ್ಲಿಗೆ ಸಾಗಿಸಿದ. ಆದರೂ ದೈರ್ ಅಲ್ ಕಮರ್ ಬಡವಾಗಲಿಲ್ಲ. ಅಮೀರ ಎದುರು ಬೆಟ್ಟಕ್ಕೆ ಹೋದರೂ ವ್ಯಾಪಾರ ಚೌಕದಲ್ಲೇ ಉಳಿಯಿತು. ಈ ಊರನ್ನು ಕಟ್ಟಿದ್ದು ಅಮೀರರಷ್ಟೇ ಅಲ್ಲ, ವರ್ತಕರೂ ಹೌದೆನ್ನಲು ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಆ ಸಂಪತ್ತೇ ಮುಂದೆ ಸಂಕಟಕ್ಕೂ ದಾರಿಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಬಂಡವಾಳದ ನೂಲು ಬಿಚ್ಚಾಣಿಕೆ ಕಾರ್ಖಾನೆಗಳು ಬೆಟ್ಟಕ್ಕೆ ಬಂದಂತೆ ಕ್ರೈಸ್ತ ವರ್ತಕರು ಬಲಗೊಂಡರು. ಊರಿನ ಮೇಲೆ ಹಿಡಿತವಿದ್ದ ದ್ರೂಜ್ ಮುಖಂಡರಾದ ಅಬು ನಕದ್ ಮನೆತನದವರೊಡನೆ 1841ರಲ್ಲೇ ಘರ್ಷಣೆ ನಡೆಯಿತು. 1860ರ ಜೂನ್‌ನಲ್ಲಿ ಸಾವಿರಕ್ಕೂ ಹೆಚ್ಚು ಕ್ರೈಸ್ತರ ಹತ್ಯೆಯಾಯಿತು. ಒಟ್ಟೋಮನ್ ಕಾವಲುಪಡೆ ಊರಲ್ಲೇ ಇತ್ತು, ರಕ್ಷಿಸಲಿಲ್ಲ. ಆಶ್ರಯ ಬೇಡಿ ಸರಾಯಿಯ ಒಳಗೆ ಹೋದವರು ಅಲ್ಲಿಯೇ ಸತ್ತರು. ಇದನ್ನು ಧರ್ಮದ್ವೇಷವೊಂದರ ಕಥೆಯಾಗಿ ಹೇಳುವವರು ಭೂಮಿ, ಸಾಲ, ಕಂದಾಯ ಮತ್ತು ಹೊರದೇಶಗಳ ಕೈವಾಡವನ್ನು ಬಿಟ್ಟುಬಿಡುತ್ತಾರೆ. ಅಂಥ ಸರಳೀಕರಣ ಸತ್ತವರಿಗೂ ಸಲ್ಲುವ ನ್ಯಾಯವಲ್ಲ.

ಈ ಹತ್ಯಾಕಾಂಡದ ಬಳಿಕ, 1861ರಲ್ಲಿ, ಲೆಬನಾನ್ ಪರ್ವತಕ್ಕೆ ವಿಶೇಷ ಆಡಳಿತ ವ್ಯವಸ್ಥೆ ಬಂದು ದಾವೂದ್ ಪಾಶಾ ಅದರ ಮೊದಲ ಮುತಸರ್ರಿಫ್ (ಆಡಳಿತಾಧಿಕಾರಿ) ಆದ. 1864ರಲ್ಲಿ ದೈರ್ ಅಲ್ ಕಮರ್‌ನಲ್ಲಿ ಸ್ಥಾಪನೆಯಾದ ಪುರಸಭೆಯನ್ನು ಲೆಬನಾನಿನ ಮೊದಲನೆಯದೆಂದು ಗುರುತಿಸಲಾಗುತ್ತದೆ. ಆ ಪುರಸಭೆ ಇಂದು ಇರುವುದು ಅಮೀರ ಯೂಸುಫ್ ಶಿಹಾಬನ ಹದಿನೆಂಟನೆಯ ಶತಮಾನದ ಸರಾಯಿಯಲ್ಲಿ. ಫಖ್ರುದ್ದೀನನ ಸರಾಯಿಯಲ್ಲಿ ಮೇಣದ ಗೊಂಬೆಗಳ ವಸ್ತುಸಂಗ್ರಹಾಲಯವಿದೆ. ಸೈದತ್ ಅಲ್ ತಲ್ಲ ಇಗರ್ಜಿಯಲ್ಲಿ ಇಂದಿಗೂ ಆರಾಧನೆ ನಡೆಯುತ್ತದೆ. ಯಹೂದಿಗಳ ಸಿನಗಾಗ್ ಮಾತ್ರ ಭಕ್ತರಿಲ್ಲದೆ ಉಳಿದಿದೆ. 1983ರ ಪರ್ವತ ಯುದ್ಧದಲ್ಲಿ ಊರು ತಿಂಗಳುಗಟ್ಟಲೆ ಮುತ್ತಿಗೆಗೆ ಸಿಕ್ಕಿಯೂ ಚೌಕ ಉಳಿದುಕೊಂಡಿತು. ಕಟ್ಟಡಗಳನ್ನು ಬೀಗ ಹಾಕಿ ಕಾಪಾಡದೆ ಬಳಸುತ್ತ ಬಂದದ್ದು ಅವುಗಳ ಆಯುಷ್ಯವನ್ನು ಹೆಚ್ಚಿಸಿದೆ ಎಂದೇ ನನ್ನ ನಿಲುವು.

ಮಸೀದಿಯನ್ನು ಪರಿಚಯಿಸುವ ಬರಹಗಳು ಇನ್ನಾದರೂ 1493 ಮತ್ತು ಉಸ್ಮಾನನ ಹೆಸರನ್ನು ಮೊದಲಿಗೆ ಹೇಳಲಿ. ಅರಮನೆಗಳಿಗೆ ಸಿಗುವ ಅಳತೆ, ನಕ್ಷೆ, ದಾಖಲಾತಿಯ ಗೌರವ ಚೌಕದ ಹಿಂದಿನ ಓಣಿಗಳಲ್ಲಿರುವ ವರ್ತಕರ ಮನೆಗಳಿಗೂ ಸಿಗಬೇಕು. ವಾಸ್ತುಶಾಸ್ತ್ರ ಮತ್ತು ಆರ್ಥಿಕ ಇತಿಹಾಸದ ವಿದ್ವಾಂಸರು ಈ ಕೆಲಸವನ್ನು ಜೊತೆಯಾಗಿ ಕೈಗೆತ್ತಿಕೊಳ್ಳಲಿ.