ತೇಗ

ಸಾಗುವಾನಿ ಎಂದೂ ಕರೆಯುವ ತೇಗ ಭಾರತ, ಮ್ಯಾನ್ಮಾರ್, ಥಾಯ್ಲೆಂಡ್ ಮತ್ತು ಲಾವೋಸ್‌ಗಳ ಎಲೆಯುದುರುವ ಕಾಡಿನ ಮರ. ಕರ್ನಾಟಕದಲ್ಲಿ ದಾಂಡೇಲಿಯ ತೇಗಕ್ಕೆ ಹೆಸರಿದೆ. ಮೊರದಗಲದ ಎಲೆ ಮುಟ್ಟಿದರೆ ಒರಟು. ಎಳೆಯ ಎಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ಕೆಂಪು ಬಣ್ಣ ಹತ್ತುತ್ತದೆ. ಮರವನ್ನು ಗುರುತಿಸಲು ಇಷ್ಟು ಸಾಕು.

ಇದರ ನಿಜವಾದ ಬೆಲೆ ಇರುವುದು ಚೇಗಿನಲ್ಲಿ, ಅಂದರೆ ಕಾಂಡದ ಒಳಗಿನ ಹೊಂಬಣ್ಣದ ಗಟ್ಟಿ ಭಾಗದಲ್ಲಿ. ಅದರಲ್ಲಿ ಸಹಜವಾಗಿಯೇ ಎಣ್ಣೆಯಂಶವಿರುವುದರಿಂದ ಗೆದ್ದಲು ಸುಲಭವಾಗಿ ಹಿಡಿಯದು; ಮಳೆ ಬಿಸಿಲಿಗೆ ಹೆಚ್ಚು ಬಾಗದು, ಸೀಳದು. ಓಕ್ ಮರದಂತೆ ಕಬ್ಬಿಣದ ಮೊಳೆಯನ್ನು ತಿನ್ನದು. ಬಾಗಿಲು, ತೊಲೆ, ಪೀಠೋಪಕರಣ ಮಾಡುವವರಷ್ಟೇ ಅಲ್ಲ, ಹಡಗು ಕಟ್ಟುವವರೂ ಇದನ್ನು ಹುಡುಕಿ ಬಂದದ್ದು ಅದಕ್ಕೇ. ಮಲಬಾರಿನ ತೇಗದಿಂದ ಮುಂಬೈಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ.

ಈ ಬೇಡಿಕೆ ಮಲಬಾರಿನ ಕಾಡನ್ನು ಬರಿದು ಮಾಡಿತು. ಹೀಗಾಗಿ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕೊನೊಲಿ ಅಲ್ಲಿನ ನಿಲಂಬೂರಿನಲ್ಲಿ ತೇಗದ ನೆಡುತೋಪು ಆರಂಭಿಸಿದರು. ಅಲ್ಲಿ ಸಸಿ ಬೆಳೆಸುವ ಹದ ಕಂಡುಕೊಂಡವರು ಅವರ ಕೈಕೆಳಗಿನ ಅರಣ್ಯಾಧಿಕಾರಿ ಚಾತು ಮೆನನ್.

ತೇಗದ ಸಸಿ ಬೆಳೆಸುವುದು ಸುಲಭವಲ್ಲ: ಬೀಜದ ಸಿಪ್ಪೆ ಬಲು ಗಟ್ಟಿ. ನೆನೆಸಿ, ಒಣಗಿಸಿ, ಮತ್ತೆ ನೆನೆಸಿದರೆ ಮಾತ್ರ ಮೊಳಕೆ ಚೆನ್ನಾಗಿ ಬರುತ್ತದೆ. ವರ್ಷದ ಸಸಿಯ ಕಾಂಡವನ್ನು ಬುಡದ ಬಳಿ ಕತ್ತರಿಸಿ, ಹೆಬ್ಬೆರಳು ಗಾತ್ರದ ಬೇರನ್ನು ಮುಂಗಾರಿನ ಆರಂಭದಲ್ಲಿ ನೆಡುತ್ತಾರೆ. ನೀರು ನಿಲ್ಲುವ ನೆಲದಲ್ಲಿ ತೇಗ ಏಳುವುದಿಲ್ಲ.